ಗಾಜಿನೊಳಗಿನ ಗಳಿಗೆ

ಬೆಂಗಳೂರಿನಿಂದ ತುಮಕೂರಿಗೆ ಹೋಗುವ ಹೆದ್ದಾರಿಯಲ್ಲಿ ನೆಲಮಂಗಲವನ್ನು ದಾಟಿ ಮುಂದೆ ಸಾಗಿದರೆ ಸೋಂಪುರ ಹೋಬಳಿ ಸಿಗುತ್ತದೆ. ರಸ್ತೆಯ ಆಸುಪಾಸಿನಲ್ಲಿ ಈಗ ಕಾರ್ಖಾನೆಗಳ ಸಾಲು. ಎಡಕ್ಕೆ ತಿರುಗಿ ನೋಡಿದರೆ ಶಿವಗಂಗೆಯ ಬೆಟ್ಟ. ಮಕರ ಸಂಕ್ರಾಂತಿಯ ದಿನ ಬೆಟ್ಟದ ನೆತ್ತಿಯ ತೀರ್ಥಕಂಬದ ಬಳಿ ಗಂಗೆ ಉದ್ಭವಿಸುವಳೆಂದು ನಂಬಿ, ಭಕ್ತರು ಚಳಿಯಲ್ಲಿ ಬೆಳಗಾಗುವುದನ್ನೇ ಕಾಯುತ್ತಾರೆ. ಅಲ್ಲಿ ಕಾಲವನ್ನು ತಿಳಿಸುವವನು ಸೂರ್ಯ.

ಈ ದಾರಿಗೆ ಇನ್ನೊಂದು ವಿಶೇಷವೂ ಉಂಟು. ಇದರ ಬೆಂಗಳೂರಿನ ತುದಿಗೆ ಜಾಲಹಳ್ಳಿ, ಆ ತುದಿಗೆ ತುಮಕೂರು. ಎರಡು ಕಡೆಯೂ ಒಂದು ಕಾಲಕ್ಕೆ ಕೈಗಡಿಯಾರಗಳು ತಯಾರಾಗುತ್ತಿದ್ದವು. ಅದೇ ಜಾಲಹಳ್ಳಿಯಲ್ಲಿ ರೇಡಿಯೋ ವಾಲ್ವುಗಳೂ ತಯಾರಾಗುತ್ತಿದ್ದವು. ಗಡಿಯಾರದ ವಿದ್ಯೆ, ವಾಲ್ವಿನ ವಿದ್ಯೆ ಈ ಎರಡೂ ಕೂಡಿದರೆ ಏನಾಗುತ್ತದೆ? ಮುಳ್ಳುಗಳಿಲ್ಲದೆ, ಗಾಜಿನ ನಳಿಗೆಯೊಳಗೆ ಅಂಕಿಗಳೇ ಬೆಳಗಿ ಹೊತ್ತು ಹೇಳುವ ಗಡಿಯಾರವಾಗುತ್ತದೆ. ಅದರ ಕಥೆಯನ್ನು ಇಂದು ನಿಮ್ಮ ಮುಂದೆ ಇಡಬೇಕೆಂದಿದ್ದೇನೆ.

ನಮ್ಮ ಹಿರಿಯರಿಗೆ ಗಳಿಗೆ ಬಟ್ಟಲು ಗೊತ್ತಿತ್ತು. ತಳದಲ್ಲಿ ಸಣ್ಣ ರಂಧ್ರವಿದ್ದ ಬಟ್ಟಲನ್ನು ನೀರಿನ ಮೇಲೆ ತೇಲಿಬಿಟ್ಟರೆ ಅದು ಮೆಲ್ಲಗೆ ತುಂಬಿ ಮುಳುಗುವುದು. ಮುಳುಗಿದರೆ ಒಂದು ಗಳಿಗೆ, ಎಂದರೆ 24 ನಿಮಿಷ. ಹಗಲೂ ರಾತ್ರಿಯೂ ಸೇರಿ 60 ಗಳಿಗೆ. ಇಲ್ಲಿ ಎರಡು ಕೆಲಸಗಳಿರುವುದನ್ನು ಗಮನಿಸಿ. ಒಂದೇ ಸಮನೆ ನಡೆಯುವ ಯಾವುದಾದರೊಂದು ಚಲನೆ ಬೇಕು. ಅದನ್ನು ತಪ್ಪದೆ ಎಣಿಸುವವರು ಬೇಕು. ಮುಂದೆ ಬಂದ ಎಲ್ಲ ಗಡಿಯಾರಗಳೂ ಈ ಎರಡೇ ಕೆಲಸಗಳನ್ನು ಬೇರೆ ಬೇರೆ ರೀತಿಯಲ್ಲಿ ಮಾಡಿದವು.

ರೇಡಿಯೋ ಬಂದ ಮೇಲೆ ಮನೆಮನೆಯ ಗಡಿಯಾರಕ್ಕೂ ಒಬ್ಬ ಯಜಮಾನ ಸಿಕ್ಕಂತಾಯಿತು. ಮೈಸೂರಿನಲ್ಲಿ ಡಾ. ಎಂ. ವಿ. ಗೋಪಾಲಸ್ವಾಮಿಯವರು 1935ರಲ್ಲಿ ತಮ್ಮ ಮನೆಯಿಂದಲೇ ಆಕಾಶವಾಣಿಯನ್ನು ಆರಂಭಿಸಿದರು. ಬೆಂಗಳೂರು ನಿಲಯ 1955ರ ನವೆಂಬರ್ 2ರಂದು ಆರಂಭವಾಯಿತು. ವಾರ್ತೆಯ ವೇಳೆಗೆ ಗೋಡೆಯ ಗಡಿಯಾರದ ಮುಳ್ಳನ್ನು ಸರಿಪಡಿಸಿಕೊಂಡ ತಂದೆಯನ್ನೋ ತಾತನನ್ನೋ ನಿಮ್ಮಲ್ಲಿ ಹಲವರು ಕಂಡಿರಬಹುದು.

ಆ ಕಾಲದ ರೇಡಿಯೋ ಪೆಟ್ಟಿಗೆಯನ್ನು ನೆನಪಿಗೆ ತಂದುಕೊಳ್ಳಿ. ಗುಂಡಿ ತಿರುಗಿಸಿದೊಡನೆ ಮಾತು ಬರುತ್ತಿರಲಿಲ್ಲ. ವಾಲ್ವುಗಳ ಒಳಗಿನ ತಂತಿ ಕಾದು ಕೆಂಪಾಗುವವರೆಗೆ ತಾಳಬೇಕಾಗಿತ್ತು. ಕೆಲವು ಪೆಟ್ಟಿಗೆಗಳಲ್ಲಿ ನಿಲಯ ಸರಿಯಾಗಿ ಸಿಕ್ಕಿತೆ ಎಂಬುದನ್ನು ತೋರಿಸಲು ‘ಮ್ಯಾಜಿಕ್ ಐ’ ಎಂಬ ಹಸಿರು ಕಣ್ಣು ಇರುತ್ತಿತ್ತು. ಯಂತ್ರ ತನ್ನ ಒಳಗಿನ ಸ್ಥಿತಿಯನ್ನು ಬೆಳಕಿನಿಂದ ಮನುಷ್ಯನಿಗೆ ತಿಳಿಸುವ ಏರ್ಪಾಡು ಅದು. ಆ ಕಣ್ಣಿಗೆ ಅಂಕಿಗಳನ್ನು ಬರೆಯಲು ಬಂದರೆ ಹೇಗಿದ್ದೀತು?

ಅಂಥದೊಂದು ನಳಿಗೆಯನ್ನು ಅಮೆರಿಕದ ಬರೋಸ್ ಸಂಸ್ಥೆ 1955ರಲ್ಲಿ ಮಾರುಕಟ್ಟೆಗೆ ತಂದಿತು. ಅದರ ಹೆಸರು ‘ನಿಕ್ಸಿ’. ಸೊನ್ನೆಯಿಂದ ಒಂಬತ್ತರವರೆಗಿನ ಅಂಕಿಗಳನ್ನು ತೆಳು ಲೋಹದಲ್ಲಿ ರೂಪಿಸಿ, ಒಂದರ ಹಿಂದೊಂದು ನಿಲ್ಲಿಸಿ, ಸುತ್ತ ಸಣ್ಣ ಜಾಲರಿಯಿಟ್ಟು, ಗಾಜಿನ ನಳಿಗೆಯಲ್ಲಿ ನಿಯಾನ್ ಅನಿಲ ತುಂಬಿ ಮುಚ್ಚಿದರು. ಜಾಲರಿಗೂ ಬೇಕಾದ ಅಂಕಿಗೂ ನಡುವೆ ಸುಮಾರು 170 ವೋಲ್ಟು ಕೊಟ್ಟರೆ, ಆ ಅಂಕಿಯ ಮೈಗಂಟಿದ ಅನಿಲ ಮಾತ್ರ ಕಿತ್ತಳೆ ಬಣ್ಣದಲ್ಲಿ ಬೆಳಗುತ್ತದೆ. ರೇಡಿಯೋ ವಾಲ್ವಿನಂತೆ ಇಲ್ಲಿ ಕಾಯಬೇಕಾದ ತಂತಿಯಿಲ್ಲ. ಹತ್ತು ಅಂಕಿಗಳೂ ಒಳಗೇ ಇರುತ್ತವೆ. ಸರದಿ ಬಂದದ್ದು ಮಾತ್ರ ಕಾಣುತ್ತದೆ.

ಇದಕ್ಕೂ ಕೆಲವು ವರ್ಷ ಹಿಂದೆಯೇ ಇಂಗ್ಲೆಂಡಿನಲ್ಲಿ ‘ಡೆಕಟ್ರಾನ್’ ಎಂಬ ನಳಿಗೆ ಬಂದಿತ್ತು. ಅದರಲ್ಲಿ ಒಂದು ಬೆಳಕಿನ ಚುಕ್ಕಿ ಹತ್ತು ಸ್ಥಾನಗಳ ವೃತ್ತದಲ್ಲಿ ಹೆಜ್ಜೆಹೆಜ್ಜೆಯಾಗಿ ಸುತ್ತುತ್ತದೆ. ಹೊರಗಿನಿಂದ ಒಂದೊಂದು ಮಿಡಿತ ಬಂದಾಗಲೂ ಒಂದು ಹೆಜ್ಜೆ. ತೋರಿಸುವುದರ ಜೊತೆಗೆ ಎಣಿಸುವುದೂ ಅದೇ. 1951ರಲ್ಲಿ ಹಾರ್ವೆಲ್‌ನಲ್ಲಿ ಕೆಲಸ ಆರಂಭಿಸಿದ ಒಂದು ಗಣಕಯಂತ್ರ ಈ ಡೆಕಟ್ರಾನ್‌ಗಳಲ್ಲೇ ಲೆಕ್ಕವನ್ನಿಡುತ್ತಿತ್ತು. ಅದನ್ನು ಕೆಡದಂತೆ ಉಳಿಸಿ, ದುರಸ್ತಿ ಮಾಡಿ, 2012ರಲ್ಲಿ ಮತ್ತೆ ನಡೆಸಿದ್ದಾರೆ.

ಇನ್ನು ಇಂಥ ಗಡಿಯಾರವನ್ನು ಕಟ್ಟುವ ಬಗೆಯನ್ನು ನೋಡೋಣ. ಒಂದೇ ಸಮನಾದ ಚಲನೆ ನಿಮ್ಮ ಮನೆಯ ಗೋಡೆಯಲ್ಲೇ ಉಂಟು. ನಮ್ಮ ದೇಶದ ವಿದ್ಯುತ್ತು ಸೆಕೆಂಡಿಗೆ 50 ಬಾರಿ ಆವರ್ತಿಸುತ್ತದೆ. ಅದನ್ನು 5ರಿಂದ, ಮತ್ತೆ 10ರಿಂದ ಭಾಗಿಸಿದರೆ ಸೆಕೆಂಡಿಗೆ ಒಂದು ಮಿಡಿತ. ಅದನ್ನು 10 ಮತ್ತು 6ರಿಂದ ಭಾಗಿಸಿದರೆ ನಿಮಿಷ. ಮತ್ತೊಮ್ಮೆ 10 ಮತ್ತು 6ರಿಂದ ಭಾಗಿಸಿದರೆ ಗಂಟೆ. 24 ಎಣಿಸಿದರೆ ದಿನ. ಆದರೆ 50ರ ಬದಲು 49.5 ಆವರ್ತಗಳಾದರೆ ಗಡಿಯಾರ ಗಂಟೆಗೆ 36 ಸೆಕೆಂಡು ಹಿಂದೆ ಬೀಳುತ್ತದೆ. ಕರೆಂಟು ಹೋದರಂತೂ ಕಾಲವೇ ನಿಂತಂತೆ. ಆದಕಾರಣ ಸ್ಫಟಿಕದ ಮೊರೆಹೋಗುತ್ತಾರೆ. ಗಡಿಯಾರಕ್ಕೆಂದು ಕೊರೆದ ಸ್ಫಟಿಕ ಸೆಕೆಂಡಿಗೆ 32,768 ಬಾರಿ ಕಂಪಿಸುತ್ತದೆ. ಆ ಸಂಖ್ಯೆಯನ್ನು 15 ಸಲ ಅರ್ಧ ಮಾಡುತ್ತ ಹೋಗಿ. ಕೊನೆಗೆ ಉಳಿಯುವುದು ಒಂದು. ಒಂದು ಸಣ್ಣ ಬ್ಯಾಟರಿಯಿದ್ದರೆ ಕರೆಂಟು ಹೋದಾಗಲೂ ಎಣಿಕೆ ತಪ್ಪುವುದಿಲ್ಲ.

ಗಂಟೆ, ನಿಮಿಷ, ಸೆಕೆಂಡುಗಳಿಗೆ ಎರಡೆರಡರಂತೆ ಆರು ನಳಿಗೆಗಳು ಬೇಕು. ಪ್ರತಿ ನಳಿಗೆಯ ಹತ್ತು ಅಂಕಿಗಳಲ್ಲಿ ಯಾವುದು ಬೆಳಗಬೇಕೆಂಬುದನ್ನು ನಾಲ್ಕು ತಂತಿಗಳ ಸಂಕೇತದಿಂದ ತಿಳಿದು ಹತ್ತು ತಂತಿಗಳಿಗೆ ಹಂಚುವ ಸಣ್ಣ ಬಿಲ್ಲೆಗಳುಂಟು. ನಿರೋಧಕ, ಕೆಪಾಸಿಟರು, ಟ್ರಾನ್ಸ್‌ಫಾರ್ಮರುಗಳಿಗೆ ಬೆಂಗಳೂರಿನ ಸಾದರ ಪತ್ರಪ್ಪ ರಸ್ತೆಯ ಅಂಗಡಿಗಳನ್ನು ಹುಡುಕಿದರಾಯಿತು. ನಳಿಗೆಗಳು ಮಾತ್ರ ಹೆಚ್ಚಾಗಿ ಹಳೆಯ ದಾಸ್ತಾನಿನಿಂದಲೇ, ಅದರಲ್ಲೂ ಹಿಂದಿನ ಸೋವಿಯತ್ ದೇಶದಲ್ಲಿ ತಯಾರಾದವುಗಳಿಂದಲೇ ಬರಬೇಕು. ಒಂದು ಎಚ್ಚರಿಕೆಯ ಮಾತು: 170 ವೋಲ್ಟು ಪ್ರಾಣಕ್ಕೆ ಅಪಾಯಕರ. ತಿಳಿದವರು ಜೊತೆಯಲ್ಲಿಲ್ಲದೆ ಮಕ್ಕಳು ಇದಕ್ಕೆ ಕೈಹಾಕಬಾರದು.

ನಿಕ್ಸಿ ನಳಿಗೆಗೆ ಒಂದು ರೋಗವುಂಟು. ಗಂಟೆಯ ಮೊದಲ ನಳಿಗೆಯನ್ನೇ ತೆಗೆದುಕೊಳ್ಳಿ. ಅದರಲ್ಲಿ 0, 1, 2 ಇಷ್ಟಕ್ಕೇ ಕೆಲಸ. ಉಳಿದ ಏಳು ಅಂಕಿಗಳು ಸುಮ್ಮನೆ ನಿಂತಿರುತ್ತವೆ. ಬೆಳಗುವ ಅಂಕಿಯಿಂದ ಲೋಹದ ಸೂಕ್ಷ್ಮ ಕಣಗಳು ಸಿಡಿದು ಈ ಸುಮ್ಮನಿದ್ದವುಗಳ ಮೇಲೆ ಕೂರುತ್ತವೆ. ವರ್ಷಗಟ್ಟಲೆ ಹೀಗೆ ಬಿಟ್ಟು, ಬೇಕಾದಾಗ ಆ ಅಂಕಿಯನ್ನು ಕರೆದರೆ ಅದು ಅರ್ಧಂಬರ್ಧ ಬೆಳಗುತ್ತದೆ. ಆದುದರಿಂದ ಬಲ್ಲವರು ದಿನಕ್ಕೊಮ್ಮೆ, ಸಾಮಾನ್ಯವಾಗಿ ನಡುರಾತ್ರಿಯ ಮೇಲೆ, ಎಲ್ಲ ನಳಿಗೆಗಳ ಎಲ್ಲ ಅಂಕಿಗಳನ್ನೂ ಸರದಿಯಂತೆ ಬೆಳಗಿಸುವ ಏರ್ಪಾಡು ಮಾಡಿರುತ್ತಾರೆ.

ಇದನ್ನು ಕೇಳಿದಾಗ ನನಗೆ ಮೊದಲು ಹೇಳಿದ ದಾರಿಯ ನೆನಪಾಗುತ್ತದೆ. ಜಾಲಹಳ್ಳಿಯಲ್ಲಿ 1953ರಲ್ಲಿ ಹಿಂದೂಸ್ತಾನ್ ಮೆಷಿನ್ ಟೂಲ್ಸ್, 1954ರಲ್ಲಿ ಭಾರತ್ ಎಲೆಕ್ಟ್ರಾನಿಕ್ಸ್ ಹುಟ್ಟಿದವು. ಎರಡಕ್ಕೂ 1961 ನೆನಪಿಡಬೇಕಾದ ವರ್ಷ. ಆ ವರ್ಷ ಒಂದರಲ್ಲಿ ಜಪಾನಿನ ಸಿಟಿಜನ್ ಸಂಸ್ಥೆಯ ಸಹಯೋಗದಿಂದ ಕೈಗಡಿಯಾರದ ಕೆಲಸ, ಇನ್ನೊಂದರಲ್ಲಿ ರೇಡಿಯೋ ವಾಲ್ವುಗಳ ತಯಾರಿಕೆ ಆರಂಭವಾದವು. ಆಕಾಶವಾಣಿಗೆ ಬೇಕಾದ ಪ್ರೇಷಕ ಯಂತ್ರಗಳ ತಯಾರಿಕೆಯನ್ನೂ ಭಾರತ್ ಎಲೆಕ್ಟ್ರಾನಿಕ್ಸ್ 1964ರಲ್ಲಿ ಕೈಗೊಂಡಿತು. 1978ರಲ್ಲಿ ತುಮಕೂರಿನಲ್ಲೂ ಕೈಗಡಿಯಾರದ ಕಾರ್ಖಾನೆ ಎದ್ದಿತು. ಗಾಜನ್ನು ಕಾಯಿಸಿ ಗಾಳಿ ತೆಗೆದು ಮುಚ್ಚುವ ಕೈಗಳು, ಕೂದಲೆಳೆಯಂಥ ಸುರುಳಿಯನ್ನು ಚಿಮಟದಿಂದ ಕೂರಿಸುವ ಕೈಗಳು ಈ ನೆಲದಲ್ಲಿ ಪಳಗಿದವು.

ಅಷ್ಟರಲ್ಲಿ ಕಾಲ ಬದಲಾಗುತ್ತಿತ್ತು. ವಾಲ್ವಿನ ಜಾಗಕ್ಕೆ ಟ್ರಾನ್ಸಿಸ್ಟರ್ ಬಂತು. 1970ರ ದಶಕದಲ್ಲಿ ಅಗ್ಗದ ಎಲ್‌ಇಡಿ ಅಂಕಿಗಳು ಬಂದು ನಿಕ್ಸಿಯನ್ನು ಮೂಲೆಗೊತ್ತಿದವು. 1969ರ ಕೊನೆಯಲ್ಲಿ ಜಪಾನಿನ ಸೀಕೋ ಸಂಸ್ಥೆ ಮಾರಾಟಕ್ಕಿಟ್ಟ ಸ್ಫಟಿಕದ ಕೈಗಡಿಯಾರ, ಕೀಲಿ ಕೊಡುವ ಗಡಿಯಾರದ ಆಯುಷ್ಯವನ್ನು ಮೊಟಕು ಮಾಡಿತು. ಎಚ್‌ಎಂಟಿಯ ಕೈಗಡಿಯಾರ ಕಂಪನಿಯನ್ನು ಮುಚ್ಚಲು ಕೇಂದ್ರ ಸರ್ಕಾರ 2016ರಲ್ಲಿ ತೀರ್ಮಾನಿಸಿತು. ಮದುವೆಯ ಉಡುಗೊರೆಯಾಗಿ, ಮೊದಲ ಸಂಬಳದ ಸಂಪಾದನೆಯಾಗಿ ನಮ್ಮ ಮನೆಗಳಿಗೆ ಬಂದಿದ್ದ ‘ಜನತಾ’ ಈಗ ಸಂಗ್ರಹಕಾರರ ವಸ್ತು.

ಹಳೆಯದು ಹೋಗಿ ಹೊಸದು ಬರುವುದು ಸಹಜ, ಅದಕ್ಕೆ ಅಳಬೇಕಾಗಿಲ್ಲ. ಗಳಿಗೆ ಬಟ್ಟಲು ಹೋಯಿತೆಂದು ಯಾರೂ ಅಳಲಿಲ್ಲ. ಆದರೆ ವಿದ್ಯೆಯ ಮಾತು ಬೇರೆ. ಯಂತ್ರ ಮೂಲೆ ಸೇರಿದರೂ ಅದನ್ನು ಮಾಡಿದ ಕೈಯ ತಿಳಿವಳಿಕೆ ಮುಂದಿನವರಿಗೆ ದಾಟಬಹುದು. ದಾಟದಿದ್ದರೆ ಅದರ ಮೇಲೂ ಧೂಳು ಕೂರುತ್ತದೆ. ನಿಕ್ಸಿ ನಳಿಗೆಗಳ ವಿಷಯದಲ್ಲಿ ಆದದ್ದೂ ಇದೇ. ಕಾರ್ಖಾನೆಗಳೆಲ್ಲ ಕೈಬಿಟ್ಟ ಮೇಲೆ ಯೂರೋಪಿನ ಜೆಕ್ ದೇಶದ ಒಂದು ಸಣ್ಣ ಕಾರ್ಯಾಗಾರದಲ್ಲಿ ಅವನ್ನು ಹೊಸದಾಗಿ ಮಾಡಹೊರಟವರು ಮೊದಲಿನಿಂದ ಎಲ್ಲವನ್ನೂ ಕಲಿಯಬೇಕಾಯಿತು.

ನಿಮ್ಮ ಬೀದಿಯಲ್ಲಿ ಜಾಲಹಳ್ಳಿಯಲ್ಲೋ ತುಮಕೂರಿನಲ್ಲೋ ದುಡಿದು ನಿವೃತ್ತರಾದ ಹಿರಿಯರಿದ್ದರೆ ಒಂದು ಸಂಜೆ ಅವರ ಬಳಿ ಹೋಗಿ ಕುಳಿತುಕೊಳ್ಳಿ. ಮನೆಯ ಹುಡುಗರನ್ನೂ ಕರೆದೊಯ್ಯಿರಿ. ಅಟ್ಟದ ಮೇಲೆ ವಾಲ್ವಿನ ರೇಡಿಯೋ ಇದ್ದರೆ ಗುಜರಿಯವನಿಗೆ ಕೊಡುವ ಮೊದಲು ಅವರಿಗೊಮ್ಮೆ ತೋರಿಸಿ. ಅವರ ಬೆರಳುಗಳು ಇನ್ನೂ ಮರೆತಿರಲಾರವು. ಮರೆಯುವ ಮುನ್ನ ಕೇಳಿ ಇಟ್ಟುಕೊಳ್ಳುವ ಕೆಲಸ ನಮ್ಮದು.