ಫಲಕವಿಲ್ಲದ ಸಂಘ: ದಕ್ಷಿಣ ಬೆಂಗಳೂರಿನ ಮದ್ಯಮುಕ್ತಿ ಸಭೆಗಳು

ಸ್ಮರಣ ಸಂಚಿಕೆಗಳು ಸಾಮಾನ್ಯವಾಗಿ ಸ್ಥಾಪಕರ ಭಾವಚಿತ್ರದಿಂದ ತೊಡಗಿ, ಅಧ್ಯಕ್ಷರ ಪರಂಪರೆಯನ್ನು ಹಾದು, ದಾನಿಗಳ ಪಟ್ಟಿಯಲ್ಲಿ ಮುಗಿಯುತ್ತವೆ. ಜಯನಗರ, ಜೆ.ಪಿ. ನಗರ, ಬನಶಂಕರಿ, ಬಿ.ಟಿ.ಎಂ. ಬಡಾವಣೆಗಳ ಸುತ್ತಮುತ್ತ ಕುಡಿತ ಬಿಟ್ಟವರೂ ಬಿಡಬೇಕೆಂದಿರುವವರೂ ಸೇರುವ ಸಭೆಗಳ ಇತಿಹಾಸವನ್ನು ಆ ಕ್ರಮದಲ್ಲಿ ಬರೆಯಲಾಗದು. ಅಡಿಗಲ್ಲಿನಿಂದ ಹಿಡಿದು ನೀರಿನ ತೊಟ್ಟಿಯವರೆಗೆ ಎಲ್ಲದರ ಮೇಲೂ ಹೆಸರು ಕೆತ್ತಿಸುವ ನಗರದಲ್ಲಿ ಹೆಸರು ಹೇಳದಿರುವುದನ್ನೇ ನಿಯಮ ಮಾಡಿಕೊಂಡ ಸಮುದಾಯವಿದು.

ಈ ನಿಯಮದ ಮೂಲ ಅಮೆರಿಕದ ಓಹಾಯೊ ರಾಜ್ಯದ ಆಕ್ರನ್ ಪಟ್ಟಣದಲ್ಲಿದೆ. ಷೇರುಪೇಟೆಯ ವ್ಯವಹಾರಸ್ಥರೊಬ್ಬರೂ ಶಸ್ತ್ರವೈದ್ಯರೊಬ್ಬರೂ ಪರಸ್ಪರ ಮಾತನಾಡುತ್ತಲೇ ಕುಡಿತದಿಂದ ದೂರವಿರಬಹುದೆಂದು ಕಂಡುಕೊಂಡು 1935ರಲ್ಲಿ ಕಟ್ಟಿದ ಆಲ್ಕೋಹಾಲಿಕ್ಸ್ ಅನಾನಿಮಸ್, ಅಂದರೆ 'ಅನಾಮಿಕ ಮದ್ಯವ್ಯಸನಿಗಳು', ಬಳಕೆಯಲ್ಲಿ ಎ.ಎ. ಎಂದೇ ಪರಿಚಿತವಾಗಿದೆ, ಸ್ಥಾಪಕರಿಬ್ಬರೂ ಅದರ ಒಳಗಿನವರ ಮಾತಿನಲ್ಲಿ ಇಂದಿಗೂ ಬಿಲ್ ಡಬ್ಲ್ಯು. ಮತ್ತು ಡಾ. ಬಾಬ್ ಮಾತ್ರ. ವ್ಯಕ್ತಿಯ ಚೇತರಿಕೆಗೆ ಮಾರ್ಗವಾದ 'ಹನ್ನೆರಡು ಹೆಜ್ಜೆಗಳು' 1939ರ ಪುಸ್ತಕದಲ್ಲಿ ಪ್ರಕಟವಾದವು. ಗುಂಪಿನ ನಡವಳಿಕೆಯನ್ನು ಕಟ್ಟುವ 'ಹನ್ನೆರಡು ಸಂಪ್ರದಾಯಗಳು' 1950ರ ಕ್ಲೀವ್‌ಲ್ಯಾಂಡ್ ಸಮಾವೇಶದಲ್ಲಿ ಅಂಗೀಕಾರ ಪಡೆದವು. ಭಾರತದಲ್ಲಿ ಈ ಸಭೆಗಳು 1957ರಲ್ಲಿ ಆರಂಭವಾದವು.

ಸಂಪ್ರದಾಯಗಳ ಪೈಕಿ ಮೂರನೆಯದು ಸದಸ್ಯತ್ವಕ್ಕೆ ಕುಡಿತ ಬಿಡುವ ಬಯಕೆಯೊಂದೇ ಸಾಕೆನ್ನುತ್ತದೆ. ಶುಲ್ಕವಿಲ್ಲ, ಅರ್ಜಿಯಿಲ್ಲ, ಜಾತಿ ಧರ್ಮಗಳ ವಿಚಾರಣೆಯೂ ಇಲ್ಲ. 'ತೆರೆದ ಸಭೆ'ಗೆ ಮನೆಯವರೂ ಆಸಕ್ತರೂ ಬರಬಹುದು, 'ಮುಚ್ಚಿದ ಸಭೆ'ಗೆ ಕುಡಿತ ಬಿಡಬಯಸುವವರು ಮಾತ್ರ. ಒಬ್ಬರು ಎದ್ದು ಮೊದಲ ಹೆಸರನ್ನಷ್ಟೇ ಹೇಳಿ, ತಾನು ಮದ್ಯವ್ಯಸನಿಯೆಂದು ಪರಿಚಯಿಸಿಕೊಂಡು, ತನ್ನ ಅನುಭವವನ್ನು ಮುಂದಿಡುತ್ತಾರೆ. ಇದಕ್ಕೆ 'ಶೇರಿಂಗ್' ಎಂದು ಹೆಸರು, ನಡುವೆ ಯಾರೂ ಬಾಯಿ ಹಾಕುವಂತಿಲ್ಲ, ಉಪದೇಶಿಸುವಂತಿಲ್ಲ. ವರ್ಷಗಟ್ಟಲೆ 'ಕುಡುಕ' ಎಂಬ ಬೈಗುಳವನ್ನು ಪರರ ಬಾಯಿಂದ ಕೇಳಿದವನು ಅದೇ ಅರ್ಥದ ಮಾತನ್ನು ತಾನೇ ಆಡಿದಾಗ ಅದರ ಮುಳ್ಳು ಅರ್ಧ ಮೊಂಡಾಗುವುದರಲ್ಲಿ ಆಶ್ಚರ್ಯವಿಲ್ಲ. ಹೊಸಬರಿಗೆ ಹೆಜ್ಜೆಗಳನ್ನು ಹತ್ತಿಸುವ ಹಳಬರನ್ನು 'ಸ್ಪಾನ್ಸರ್' ಎನ್ನುತ್ತಾರೆ. ಕುಟುಂಬದವರಿಗಾಗಿ 1951ರಲ್ಲಿ ರೂಪುಗೊಂಡ ಅಲ್-ಅನಾನ್ ಬೇರೆಯೇ ಸಂಘಟನೆ. ಹಿಂದಿನ ಅಧ್ಯಯನಗಳನ್ನು ಒಟ್ಟಾಗಿ ಪರಿಶೀಲಿಸಿ 2020ರಲ್ಲಿ ಪ್ರಕಟವಾದ ಕಾಕ್ರೇನ್ ಸಮೀಕ್ಷೆಯು, ಪೂರ್ಣವಾಗಿ ಕುಡಿತ ಬಿಡುವ ವಿಷಯದಲ್ಲಿ ಈ ಹನ್ನೆರಡು ಹೆಜ್ಜೆಗಳ ಮಾರ್ಗಕ್ಕೆ ವ್ಯವಸ್ಥಿತವಾಗಿ ಜೋಡಿಸುವ ಚಿಕಿತ್ಸೆ ಇತರ ವಿಧಾನಗಳಿಗಿಂತ ಮೇಲಾಗಬಲ್ಲದೆಂದು ತೋರಿಸಿತು.

ಕರ್ನಾಟಕ ಈ ಅನಾಮಿಕತೆಗೆ ತದ್ವಿರುದ್ಧವಾದ ಇನ್ನೊಂದು ಮಾರ್ಗವನ್ನೂ ಕಂಡಿದೆ. ಧರ್ಮಸ್ಥಳದ ಡಾ. ಡಿ. ವೀರೇಂದ್ರ ಹೆಗ್ಗಡೆಯವರ ಮಾರ್ಗದರ್ಶನದ ಅಖಿಲ ಕರ್ನಾಟಕ ಜನಜಾಗೃತಿ ವೇದಿಕೆ ಊರೂರುಗಳಲ್ಲಿ ಮದ್ಯವರ್ಜನ ಶಿಬಿರಗಳನ್ನು ನಡೆಸುತ್ತದೆ. ಶಿಬಿರ ಮುಗಿಸಿದವರು 'ನವಜೀವನ ಸಮಿತಿ'ಗಳಾಗಿ ಒಟ್ಟುಗೂಡಿ ಮುಂದೆಯೂ ಭೇಟಿಯಾಗುತ್ತಿರುತ್ತಾರೆ, ಗಾಂಧಿ ಜಯಂತಿಯ ವೇಳೆಗೆ ಸಮಾವೇಶಗಳಲ್ಲಿ ವೇದಿಕೆಯ ಮೇಲೆ ಕಾಣಿಸಿಕೊಳ್ಳುತ್ತಾರೆ. ಅಲ್ಲಿ ಹೆಂಡತಿ ಮಕ್ಕಳ ಸಮ್ಮುಖದಲ್ಲಿ, ಊರಿನ ಸಾಕ್ಷಿಯಲ್ಲಿ ಮಾಡಿದ ಸಂಕಲ್ಪವೇ ಕಾವಲು. ಎ.ಎ. ಸಭೆಗಳಲ್ಲಿ ಅಪರಿಚಿತರ ಮೌನವೇ ಕಾವಲು. ಎಲ್ಲರೂ ಎಲ್ಲರನ್ನೂ ಬಲ್ಲ ಹಳ್ಳಿಯಲ್ಲಿ ಕುಡಿತ ಮೊದಲೇ ಬಯಲಾಗಿರುವುದರಿಂದ ಬಿಟ್ಟದ್ದೂ ಬಯಲಾಗುವುದು ನ್ಯಾಯ. ಬಾಡಿಗೆ ಮನೆಯ ಮಾಲೀಕರಿಗೂ ಕಚೇರಿಯ ಮೇಲಧಿಕಾರಿಗೂ ಹೆದರುವ ಬಿ.ಟಿ.ಎಂ. ಬಡಾವಣೆಯ ಯುವ ನೌಕರನಿಗೆ ಅನಾಮಿಕತೆಯೇ ಹೆಚ್ಚು ಒಗ್ಗುತ್ತದೆ.

ಆದರೆ ಹೆಸರಿಲ್ಲದ ಕೂಟವನ್ನು ಹುಡುಕುವುದೂ ಕಷ್ಟ. ದಕ್ಷಿಣ ಬೆಂಗಳೂರಿಗೆ ಇರುವ ಅನುಕೂಲವೆಂದರೆ ಜಯನಗರದ ಮಗ್ಗುಲಲ್ಲೇ, ಹೊಸೂರು ರಸ್ತೆಯಲ್ಲಿ, ನಿಮ್ಹಾನ್ಸ್ ಇರುವುದು; 1974ರಲ್ಲಿ ರೂಪುಗೊಂಡ ಈ ಸಂಸ್ಥೆಯಲ್ಲಿ ವ್ಯಸನ ಚಿಕಿತ್ಸೆಗೆಂದೇ ಪ್ರತ್ಯೇಕ ಕೇಂದ್ರವಿದೆ. ಬಹುಕಾಲ ವಿಪರೀತ ಕುಡಿದವರು ಸಭೆಯ ಉತ್ಸಾಹದಲ್ಲಿ ಒಮ್ಮೆಗೇ ನಿಲ್ಲಿಸಿದರೆ ನಡುಕ, ಫಿಟ್ಸ್, ಭ್ರಮೆಗಳು ಕಾಣಿಸಿಕೊಂಡು ಜೀವಕ್ಕೇ ಅಪಾಯವಾಗಬಹುದಾದ್ದರಿಂದ ವೈದ್ಯರನ್ನು ಮೊದಲು ಕಾಣುವುದು ಕ್ಷೇಮ. ಸಭೆಗಳ ವಿಳಾಸವನ್ನು ನಿಮ್ಹಾನ್ಸ್‌ನ ಆಪ್ತಸಮಾಲೋಚಕರಲ್ಲಿ ವಿಚಾರಿಸಬಹುದು. ಮನೆಯಿಂದ ಹೊರಡಲಾರದವರಿಗೆ ಟೆಲಿ ಮಾನಸ್ ಸಹಾಯವಾಣಿ 14416 ಮತ್ತು ವ್ಯಸನಮುಕ್ತಿಯ ರಾಷ್ಟ್ರೀಯ ಸಹಾಯವಾಣಿ 14446 ಇವೆ. ಸಭೆಯ ಜಾಗ, ವೇಳೆ, ಭಾಷೆ ಬದಲಾಗುವುದುಂಟು. ಹೊರಡುವ ಮುನ್ನ ಕೇಳಿಕೊಳ್ಳಬೇಕು. ತನ್ನ ಬೀದಿಯಲ್ಲಿ ಪರಿಚಿತರ ಕಣ್ಣಿಗೆ ಬೀಳುವ ಅಂಜಿಕೆಯಿದ್ದವರು ಮೆಟ್ರೊ ಹತ್ತಿ ಪಕ್ಕದ ಬಡಾವಣೆಯ ಸಭೆಗೆ ಹೋಗಬಹುದು, ಇದರಲ್ಲಿ ಅಳುಕಬೇಕಾದ್ದೇನೂ ಇಲ್ಲ.

ಏಳನೆಯ ಸಂಪ್ರದಾಯದ ಪ್ರಕಾರ ಎ.ಎ. ಗುಂಪುಗಳು ಹೊರಗಿನ ದೇಣಿಗೆ ಸ್ವೀಕರಿಸುವುದಿಲ್ಲ. ಸದಸ್ಯರು ಸ್ವಇಚ್ಛೆಯಿಂದ ಹಾಕಿದ ಹಣದಲ್ಲೇ ಕೊಠಡಿಯ ಬಾಡಿಗೆ, ಚಹಾ, ಪುಸ್ತಕಗಳ ವೆಚ್ಚ ನಡೆಯಬೇಕು. ಆದ್ದರಿಂದ ಈ ಸಂಚಿಕೆಯನ್ನು ಓದುವ ಶಾಲಾ ಆಡಳಿತ ಮಂಡಳಿಗಳೂ ನಿವಾಸಿಗಳ ಸಂಘಗಳೂ ಅವರಿಗೆ ದಾನ ಕೊಡಬೇಕಾಗಿಲ್ಲ. ವಾರಕ್ಕೊಂದು ಸಂಜೆ ಒಂದೂವರೆ ಗಂಟೆ ಖಾಲಿ ಕೊಠಡಿಯೊಂದನ್ನು ನ್ಯಾಯವಾದ ಬಾಡಿಗೆಗೆ ಕೊಟ್ಟು, ಬಂದುಹೋಗುವವರ ಹೆಸರು ಬರೆಯುವ ಪುಸ್ತಕವನ್ನು ಆ ಹೊತ್ತಿಗೆ ಮಾತ್ರ ಬಾಗಿಲಿನಿಂದ ಎತ್ತಿಡಬೇಕೆಂದು ವಿನಂತಿ.