ಮದ್ದೂ ತೋಟಾವೂ

ಹಳೆಯ ತುಪಾಕಿಯ ಮದ್ದು ಹಳ್ಳಿಯಲ್ಲಿಯೇ ಸಿದ್ಧವಾಗುತ್ತಿದ್ದಿತು: ಪೆಟ್ಲುಪ್ಪು ನೂರಕ್ಕೆ 75, ಇದ್ದಿಲು 15, ಗಂಧಕ 10. ಮದ್ದನ್ನೂ ಸೀಸದ ಗುಂಡನ್ನೂ ನಳಿಗೆಯ ಬಾಯಿಂದ ಗಜದಲ್ಲಿ ಜಡಿದರೆ ತೀರಿತು. ಇಂಥ ಹತಾರವನ್ನು ನಿರುಪಯೋಗಗೊಳಿಸಲು ಅದನ್ನೇ ಕಿತ್ತುಕೊಳ್ಳುವುದರ ಹೊರತು ಸರಕಾರಕ್ಕೆ ಅನ್ಯ ಮಾರ್ಗವಿರಲಿಲ್ಲವೆನ್ನಬೇಕು. 1857ರ ನಿಃಶಸ್ತ್ರೀಕರಣದ ಕಾಯಿದೆಯು ಅದನ್ನೇ ಮಾಡಹೊರಟಿತು. ಹಲಗಲಿಯ ಬೇಡರು ಕೊಡೆವು ಎಂದರು. ನವೆಂಬರದಲ್ಲಿ ಊರಿಗೆ ಬೆಂಕಿಬಿದ್ದಿತು, ಡಿಸೆಂಬರದಲ್ಲಿ 19 ಜನರಿಗೆ ಗಲ್ಲಾಯಿತು. ನವಲಗುಂದದ ನೆರೆಯ ನರಗುಂದವೂ 1858ರ ಜೂನದಲ್ಲಿ ಬಿದ್ದಿತು. ಬಾಬಾಸಾಹೇಬನನ್ನು ಬೆಳಗಾವಿಯಲ್ಲಿ ಗಲ್ಲಿಗೇರಿಸಿದರು.

ಅದೇ 1857ರಲ್ಲಿ ಅಮೇರಿಕದ ಸ್ಮಿಥ್ ಮತ್ತು ವೆಸನ್ನರು ಅಂಚಿನಲ್ಲಿ ಸಿಡಿಯುವ ತೋಟಾವನ್ನು ಹೊರತಂದರು. ಇದರ ಸಿಡಿಮದ್ದು ತಗಡಿನ ಅಂಚಿನ ಮಡಿಕೆಯೊಳಗಿರುತ್ತದೆ. ಕುದುರೆಯ ಪೆಟ್ಟಿಗೆ ಆ ಅಂಚೇ ಜಜ್ಜಿಹೋಗುವುದು. ಬರಿದಾದ ಕೊಳವೆಯನ್ನು ಮರಳಿ ತುಂಬುವುದು ಊರ ಕಮ್ಮಾರನ ಕೆಲಸವಲ್ಲ. ಮನೆಯಲ್ಲಿ ಪೆಟ್ಲುಪ್ಪಿದ್ದರೂ ಇಂಥ ಬಂದೂಕು ಕಾರಖಾನೆಯ ತೋಟಾ ಇಲ್ಲದೆ ಬರಿಯ ಕಬ್ಬಿಣ.