ಮೋಟಾರು ರೇಡಿಯೇಟರಿನ ಚರಿತ್ರೆ

ಮೋಟಾರಿನ ಇಂಜಿನ್ನಿನಲ್ಲಿ ಉರಿಯುವ ಪೆಟ್ರೋಲಿನ ಶಾಖವೆಲ್ಲವೂ ಚಲನೆಯಾಗಿ ಪರಿಣಮಿಸುವುದಿಲ್ಲ. ಅದರಲ್ಲಿ ಸುಮಾರು ಮೂರನೆಯ ಒಂದು ಪಾಲನ್ನು ನೀರಿನ ಮೂಲಕ ಹೊರಕ್ಕೆ ಸಾಗಿಸಬೇಕು. ಇಲ್ಲದಿದ್ದರೆ ಪಿಸ್ಟನ್ನು ಸಿಲಿಂಡರಿನೊಳಗೆ ಹಿಡಿದುಕೊಂಡು ಇಂಜಿನ್ನೇ ಕೆಡುವುದು. ಆದುದರಿಂದ ರೇಡಿಯೇಟರಿನ ಚರಿತ್ರೆಯೆಂದರೆ ಒಂದರ್ಥದಲ್ಲಿ ಮೋಟಾರಿನ ಬಲದ ಚರಿತ್ರೆಯೇ ಸರಿ.

ಕಾರ್ಲ್ ಬೆನ್ಸನು ೧೮೮೬ರಲ್ಲಿ ಪೇಟೆಂಟು ಪಡೆದ ಗಾಡಿಯ ಬಲವು ಒಂದು ಕುದುರೆಯ ಬಲಕ್ಕಿಂತಲೂ ಕಡಮೆಯಾಗಿದ್ದಿತು. ಅದಕ್ಕೆ ಇಂದಿನಂತಹ ರೇಡಿಯೇಟರಿರಲಿಲ್ಲ. ನೀರು ಕುದಿದು ಹಬೆಯಾಗಿ ಹೋಗುತ್ತಿದ್ದಿತು. ೧೮೮೮ರಲ್ಲಿ ಆತನ ಪತ್ನಿ ಬರ್ತಾ ಬೆನ್ಸ್ ಇಬ್ಬರು ಮಕ್ಕಳೊಡನೆ ಮಾನ್‌ಹೈಮಿನಿಂದ ಫೋರ್ಟ್ಸ್‌ಹೈಮಿಗೆ ಅಂತಹ ಗಾಡಿಯಲ್ಲಿ ಪಯಣಿಸಿದಾಗ, ದಾರಿಯಲ್ಲಿ ಅಲ್ಲಲ್ಲಿ ನಿಂತು ನೀರು ತುಂಬಬೇಕಾಯಿತು.

ಬಲ ಹೆಚ್ಚಿದಂತೆಲ್ಲ ಶಾಖ ಹೆಚ್ಚಿತು; ಶಾಖಕ್ಕೆ ತಕ್ಕಷ್ಟು ನೀರನ್ನು ಹೊರುವುದೇ ಉಪಾಯವೆಂದು ತೋರಿತು. ಆದರೆ ನೀರಿಗೂ ಭಾರವುಂಟಷ್ಟೆ. ೧೯೦೦ರ ಮಾರ್ಚಿಯಲ್ಲಿ ಫ್ರಾನ್ಸಿನ ನೀಸ್ ನಗರದ ಬಳಿ ನಡೆದ ಬೆಟ್ಟದ ಪಂದ್ಯದಲ್ಲಿ, ಎತ್ತರವೂ ಭಾರವೂ ಆದ ಡೈಮ್ಲರ್ ಗಾಡಿಯೊಂದು ಅಪಘಾತಕ್ಕೀಡಾಗಿ ಅದರ ಚಾಲಕ ವಿಲ್‌ಹೆಲ್ಮ್ ಬೌವರನು ಮೃತನಾದನು. ತಗ್ಗಾದ, ಹಗುರವಾದ, ಆದರೆ ಹೆಚ್ಚು ಬಲವುಳ್ಳ ಗಾಡಿ ಬೇಕೆಂದು ನೀಸಿನ ವರ್ತಕ ಎಮಿಲ್ ಯೆಲ್ಲಿನೆಕ್ ಡೈಮ್ಲರ್ ಕಂಪೆನಿಯನ್ನು ಒತ್ತಾಯಪಡಿಸಿದನು. ಈ ಮೂರೂ ಒಂದೆಡೆ ಸೇರುವ ಬಗೆ ಹೇಗೆ?

ಕಂಪೆನಿಯ ಶಿಲ್ಪಿ ವಿಲ್‌ಹೆಲ್ಮ್ ಮೈಬಾಕನು ಇದಕ್ಕೆ ಉತ್ತರ ಕಂಡನು. ಬಿಸಿ ಹಾಲು ಬೇಗ ಆರಬೇಕಾದರೆ ನಾವು ಅದನ್ನು ಅಗಲವಾದ ತಟ್ಟೆಗೆ ಸುರಿಯುತ್ತೇವೆ. ಹಾಲು ಅಷ್ಟೇ, ಗಾಳಿಗೆ ತೆರೆದ ಮೈ ಮಾತ್ರ ಹೆಚ್ಚು. ಮೈಬಾಕನ ತಂತ್ರವೂ ಇದೇ. ಆರು ಮಿಲಿಮೀಟರ್ ಚೌಕದ ೮,೦೭೦ ಸಣ್ಣ ನಳಿಗೆಗಳನ್ನು ಜೇನುಹಟ್ಟಿಯಂತೆ ಆತನು ಜೋಡಿಸಿದನು. ನಳಿಗೆಗಳೊಳಗೆ ಗಾಳಿ ನುಗ್ಗುವುದು. ಅವುಗಳ ನಡುವಣ ಸಂದುಗಳಲ್ಲಿ ನೀರು ತೆಳ್ಳನೆಯ ಪದರವಾಗಿ ಹರಿಯುವುದು. ಹಿಂದೆ ೧೮ ಲೀಟರ್ ನೀರು ಬೇಕಾಗಿದ್ದೆಡೆಯಲ್ಲಿ ೯ ಲೀಟರ್ ಸಾಕಾಯಿತು. ಗಾಡಿ ಮೆಲ್ಲನೆ ಸಾಗುವಾಗಲೂ ಗಾಳಿ ಒದಗಲೆಂದು ಹಿಂದುಗಡೆ ಬೀಸಣಿಗೆಯೊಂದನ್ನು ಇರಿಸಿದನು. ಯೆಲ್ಲಿನೆಕನ ಮಗಳಾದ ಮೆರ್ಸಿಡಿಸಳ ಹೆಸರನ್ನು ತಾಳಿದ ಈ ೩೫ ಅಶ್ವಬಲದ ಗಾಡಿಯು ೧೯೦೧ರ ಮಾರ್ಚಿಯಲ್ಲಿ ಅದೇ ನೀಸಿನ ಪಂದ್ಯಗಳಲ್ಲಿ ವಿಜಯಿಯಾಯಿತು.

ಜೇನುಹಟ್ಟಿಯ ನಳಿಗೆಗಳು ಕಾಲಕ್ರಮದಲ್ಲಿ ಮರೆಯಾಗಿ, ಚಪ್ಪಟೆ ಕೊಳವೆಗಳೂ ತೆಳುರೆಕ್ಕೆಗಳೂ ಬಂದವು; ತಾಮ್ರ ಹಿತ್ತಾಳೆಗಳ ಸ್ಥಾನವನ್ನು ಅಲ್ಯುಮಿನಿಯಂ ಆಕ್ರಮಿಸಿತು. ತತ್ತ್ವ ಮಾತ್ರ ಬದಲಾಗಲಿಲ್ಲ. ಹಳೆಯ ಗಾಡಿಗೆ ಬಲವಾದ ಇಂಜಿನ್ನನ್ನು ಕೂಡಿಸಿ ತಮ್ಮ ಇಷ್ಟದಂತೆ ಕಟ್ಟಿಕೊಳ್ಳುವವರು ಇಂದಿಗೂ ದಪ್ಪನೆಯ ರೇಡಿಯೇಟರಿಗೆ ಮನಸೋಲುವುದುಂಟು. ಆದರೆ ದಪ್ಪ ಹೆಚ್ಚಿದಷ್ಟೂ ಹಿಂದಿನ ಸಾಲುಗಳಿಗೆ ತಲಪುವುದು ಮುಂದಿನ ಸಾಲುಗಳಲ್ಲೇ ಬಿಸಿಯಾದ ಗಾಳಿ. ಗಾಡಿಯ ಮುಖದಲ್ಲಿ ಎಷ್ಟು ಅಗಲ ಸಿಕ್ಕುವುದು, ಒಳಹೊಕ್ಕ ಗಾಳಿ ಹೊರಹೋಗಲು ದಾರಿಯುಂಟೆ, ನಿಂತಾಗ ಬೀಸಣಿಗೆ ಸಾಲುವುದೆ, ಎಂಬುವನ್ನು ಮೊದಲು ವಿಚಾರಿಸತಕ್ಕದ್ದು. ನೀರು ಶಾಖವನ್ನು ಹೊತ್ತು ತರುವ ಕೂಲಿಯಾಳು ಮಾತ್ರ. ಅದನ್ನು ಇಳಿಸಿಕೊಳ್ಳಬೇಕಾದುದು ಗಾಳಿ.